ಹತ್ತು ಹಾಡಿಗೆ ಹತ್ತು ಗ್ಲಾಸ್ ಬೇಡ, ಮೂರು ಸಾಕು

ಪ್ರಶ್ನೆ: ಬರುವ ಶನಿವಾರ ಸಂಜೆ ನಾವು ಆರು ಜನ ಗೆಳೆಯರು ಸೇರಿ ಪಿಂಕ್ ಫ್ಲಾಯ್ಡ್ ರಾಕ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಂ ಅನ್ನು ಎಲ್‌ಪಿಯಲ್ಲಿ ಮೊದಲಿನಿಂದ ಕೊನೆವರೆಗೂ ಕೇಳಬೇಕು ಅಂತಿದ್ದೇವೆ. ನಮ್ಮಲ್ಲಿ ಇಬ್ಬರು ಕುಡಿಯುವುದನ್ನು ಬಿಟ್ಟಿದ್ದಾರೆ, ಉಳಿದವರೂ ಅವತ್ತು ಮುಟ್ಟಲ್ಲ ಅಂದಿದ್ದಾರೆ. ಆದರೆ ಸುಮ್ನೆ ಜ್ಯೂಸು, ಕೋಲಾ ಇಟ್ಟರೆ ಸಪ್ಪೆ ಅನಿಸುತ್ತೆ. ಹತ್ತು ಹಾಡಿಗೆ ಹತ್ತು ಬಗೆ ಡ್ರಿಂಕ್ ಮಾಡೋಣ ಅನ್ನುವುದು ಒಬ್ಬರ ಐಡಿಯಾ. ಹೇಗೆ ಜೋಡಿಸಬೇಕು, ಹೇಳ್ತೀರಾ? ಒಬ್ಬಳಿಗೆ ಸಂಜೆ ಮೇಲೆ ಟೀ, ಕಾಫಿ ಕುಡಿದರೆ ನಿದ್ದೆ ಬರುವುದಿಲ್ಲ, ಅದೂ ಗಮನದಲ್ಲಿರಲಿ.

ಉತ್ತರ: ಹತ್ತು ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಒಂದು ವಿಷಯ ಸರಿಹೋದರೆ ಉಳಿದದ್ದೆಲ್ಲ ಸುಲಭ.

ಈ ಆಲ್ಬಂನಲ್ಲಿ ಹಾಡು ಮುಗಿದು ಇನ್ನೊಂದು ಶುರುವಾಗುವ ಖಾಲಿ ಜಾಗವೇ ಹೆಚ್ಚುಕಡಿಮೆ ಇಲ್ಲ. ಒಂದು ಹಾಡು ಇನ್ನೊಂದರೊಳಗೆ ಹರಿದು ಹೋಗುತ್ತದೆ. ಒಟ್ಟು ಸುಮಾರು 43 ನಿಮಿಷ. ಹತ್ತು ಡ್ರಿಂಕ್ ಅಂದರೆ ಸರಾಸರಿ ನಾಲ್ಕು ನಿಮಿಷಕ್ಕೊಮ್ಮೆ ಯಾರೋ ಏಳಬೇಕು, ಸುರಿಯಬೇಕು, ಹಂಚಬೇಕು. ಆಮೇಲೆ ಉಳಿಯುವುದು ಡ್ರಿಂಕ್‌ನ ಮಾತು ಮಾತ್ರ, ಆಲ್ಬಂ ಯಾರ ಕಿವಿಗೂ ಬಿದ್ದಿರುವುದಿಲ್ಲ. ಇಲ್ಲಿ ನಿಜವಾದ ಬಿಡುವು ಇರುವುದು ಒಂದೇ ಕಡೆ, ರೆಕಾರ್ಡ್ ತಿರುಗಿಸಿ ಹಾಕುವಾಗ. ಮೊದಲ ಬದಿ ಸುಮಾರು 19 ನಿಮಿಷ, ಎರಡನೇ ಬದಿ ಸುಮಾರು 24. ಹಾಗಾಗಿ ಮೊದಲ ಬದಿಗೆ ಒಂದು ಗ್ಲಾಸ್, ಎರಡನೇ ಬದಿಗೆ ಒಂದು, ಕೊನೆಯ ಒಂಬತ್ತು ಹತ್ತು ನಿಮಿಷಕ್ಕೆ ಇನ್ನೊಂದು ಚಿಕ್ಕದು. ಮೂರೂ ಸೂಜಿ ಇಡುವ ಮೊದಲೇ ತಯಾರಾಗಿ ಕೈಗೆ ಸಿಗುವಂತಿರಬೇಕು.

ಜ್ಯೂಸು, ಕೋಲಾ ಯಾಕೆ ಸಪ್ಪೆ ಅನಿಸುತ್ತದೆ ಅಂತ ನೋಡೋಣ. ಸಿಹಿ ಸಾಕಷ್ಟು ಇದ್ದೇ ಇರುತ್ತದೆ, ತೊಂದರೆ ಅದಲ್ಲ. ಅದು ನಾಲ್ಕೇ ಗುಟುಕಿಗೆ ಖಾಲಿಯಾಗುತ್ತದೆ, ಅಷ್ಟೇ. ಮದ್ಯ ಬಾಯಲ್ಲಿ ಮಾಡುವ ಕೆಲಸ ಒಂದೆರಡಲ್ಲ. ಗಂಟಲಲ್ಲಿ ಸ್ವಲ್ಪ ಉರಿ ಕೊಡುತ್ತದೆ, ನಾಲಿಗೆ ಮೇಲೆ ಒಂದು ತೂಕ ಕೊಡುತ್ತದೆ, ಮುಖ್ಯವಾಗಿ ನಿಮ್ಮನ್ನು ನಿಧಾನ ಮಾಡುತ್ತದೆ. ಆ ನಿಧಾನವನ್ನು ಬೇರೆ ದಾರಿಯಿಂದ ತರಬೇಕು. ಅದಕ್ಕೆ ಸಹಾಯಕ್ಕೆ ಬರುವುದು ಒಗರು, ಕಹಿ, ಖಾರ, ಹೊಗೆಯ ಘಮ. ಈ ನಾಲ್ಕರಲ್ಲಿ ಒಂದಾದರೂ ಇರುವ ಪಾನೀಯವನ್ನು ಯಾರೂ ಗಟಗಟ ಕುಡಿಯುವುದಿಲ್ಲ. ನಾನು ಮದ್ಯವಿಲ್ಲದ ಪಾನೀಯ ಮಾಡುವ ಕೆಲಸದಲ್ಲೇ ಇರುವವನು, ಈ ಒಂದು ಮಾತನ್ನು ಎಲ್ಲರಿಗೂ ಹೇಳುತ್ತೇನೆ: 150 ಎಂಎಲ್ ಪಾನೀಯ 20 ನಿಮಿಷ ಕೈಯಲ್ಲಿ ಉಳಿಯಬೇಕು. ಉಳಿಯದಿದ್ದರೆ ಅದರಲ್ಲಿ ಸಿಹಿ ಜಾಸ್ತಿ ಆಗಿದೆ ಅಂತಲೇ ಅರ್ಥ.

ಇನ್ನೊಂದು ವಿಷಯ ತಿಳಿದುಕೊಂಡರೆ ಜೋಡಿಸುವುದು ಸುಲಭ. ಕಿವಿಗೆ ಬೀಳುವ ಸದ್ದು ನಾಲಿಗೆಯ ಲೆಕ್ಕವನ್ನು ಬದಲಿಸುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸ್ಪೆನ್ಸ್ ಮತ್ತು ಅವರ ಜೊತೆಗಾರರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಕಹಿ ಸಿಹಿ ಎರಡೂ ಇರುವ ಒಂದೇ ಟಾಫಿಯನ್ನು ಬೇರೆ ಬೇರೆ ಸಂಗೀತದ ಜೊತೆ ತಿನ್ನಲು ಕೊಟ್ಟರು. ತಗ್ಗಿನ ಸ್ವರಗಳ ಜೊತೆ ತಿಂದಾಗ ಕಹಿ ಮೇಲೆ ಬಂತು, ಎತ್ತರದ ಸ್ವರಗಳ ಜೊತೆ ತಿಂದಾಗ ಸಿಹಿ ಮೇಲೆ ಬಂತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2015ರಲ್ಲಿ ವಿಮಾನದೊಳಗಿನ ಗದ್ದಲವನ್ನು, ಅಂದರೆ ಸುಮಾರು 85 ಡೆಸಿಬಲ್ ಸದ್ದನ್ನು ಕೇಳಿಸುತ್ತಾ ರುಚಿ ನೋಡಿಸಿದರು. ಸಿಹಿ ಮಂಕಾಯಿತು, ಟೊಮೇಟೊದಲ್ಲಿ ಇರುವಂಥ ಉಮಾಮಿ ರುಚಿ ಎದ್ದು ಬಂತು. ಆ ಎರಡನೆಯದು ಗದ್ದಲದ ಮೇಲೆ ನಡೆದ ಪ್ರಯೋಗ, ಸಂಗೀತದ ಮೇಲಲ್ಲ. ಆದರೂ ವಾಲ್ಯೂಮ್ ಏರಿಸಿ ರಾಕ್ ಕೇಳುವ ಕೋಣೆಯಲ್ಲಿ ಇದೇ ಆಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಡುಗೆಮನೆಯಲ್ಲಿ ಸರಿಯಾಗಿದ್ದ ಸಿಹಿ ಸ್ಪೀಕರ್ ಮುಂದೆ ಕಡಿಮೆ ಅನಿಸುತ್ತದೆ. ಇದು ನೆನಪಿರಲಿ, ಎರಡನೇ ಗ್ಲಾಸಿಗೆ ಬಂದಾಗ ಬೇಕಾಗುತ್ತದೆ.

ಮೊದಲ ಗ್ಲಾಸ್. ಆಲ್ಬಂ ಶುರುವಾಗುವುದು ಎದೆಬಡಿತದಿಂದ. ಎಷ್ಟು ಮೆಲ್ಲಗೆ ಅಂದರೆ ಮೊದಲ ಕೆಲವು ಸೆಕೆಂಡ್ ಸೂಜಿ ಸರಿಯಾಗಿ ಕೂತಿದೆಯಾ ಅಂತ ಅನುಮಾನ ಬರುತ್ತದೆ. ಡ್ರಮ್ಮರ್ ನಿಕ್ ಮೇಸನ್ ತಮ್ಮ ಬಾಸ್ ಡ್ರಮ್ ಮೆತ್ತಗಾಗುವಂತೆ ಮಾಡಿ ತೆಗೆದ ಸದ್ದು ಅದು. ಇಲ್ಲಿ ಐಸ್ ಬೇಡ, ಗ್ಯಾಸ್ ಇರುವ ಪಾನೀಯವೂ ಬೇಡ. ನಾನು ಒಮ್ಮೆ ಹೀಗೇ ಜನ ಕೂಡಿಸಿ ಕೇಳಿಸುವಾಗ ಶುಂಠಿ ಸೋಡಾದಿಂದ ಶುರು ಮಾಡಿದೆ. ಎಂಟು ಗ್ಲಾಸಿನ ಚುಸ್ ಚುಸ್ ಸದ್ದು, ಐಸ್ ಬಿರುಕು ಬಿಡುವ ಟಕ್ ಟಕ್. ಎದೆಬಡಿತ ಯಾರಿಗೂ ಕೇಳಲೇ ಇಲ್ಲ. ಮೊದಲ ಹಾಡು ಅರ್ಧ ಆದಮೇಲೆ ಒಬ್ಬರು ‘ಶುರುವಾಯ್ತಾ?’ ಅಂತ ಕೇಳಿದರು. ಸೂಜಿ ಎತ್ತಿ ಮತ್ತೆ ಮೊದಲಿಂದ ಇಡಬೇಕಾಯಿತು.

ಅದಕ್ಕೇ ಮೊದಲ ಗ್ಲಾಸಿಗೆ ನಾನು ಹೇಳುವುದು ತಣ್ಣೀರಲ್ಲಿ ನೆನೆಸಿದ ಲಾಪ್ಸಾಂಗ್ ಸೂಚಾಂಗ್ ಟೀ. ಚೀನಾದ ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳ ಕಪ್ಪು ಟೀ ಇದು, ಪೈನ್ ಮರದ ಹೊಗೆಯಲ್ಲಿ ಎಲೆ ಒಣಗಿಸುತ್ತಾರೆ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಎಲೆ ಹಾಕಿ ಫ್ರಿಜ್‌ನಲ್ಲಿ ಎಂಟು ಗಂಟೆ ಇಟ್ಟು ಸೋಸಿ. ಒಗರು ಕೊಡುವ ಟ್ಯಾನಿನ್ ಬಿಸಿನೀರಲ್ಲಿ ಬರುವಷ್ಟು ತಣ್ಣೀರಲ್ಲಿ ಬರುವುದಿಲ್ಲ, ಹಾಗಾಗಿ ಒಗರು ಹದವಾಗಿರುತ್ತದೆ, ಹೊಗೆಯ ಘಮ ಮಾತ್ರ ಪೂರ್ತಿ ಇರುತ್ತದೆ. ಸಕ್ಕರೆ ಹಾಕಬೇಡಿ. ಗ್ಲಾಸಿಗೆ 150 ಎಂಎಲ್ ಸುರಿದು, ಕಿತ್ತಳೆ ಸಿಪ್ಪೆಯ ಚಿಕ್ಕ ತುಂಡನ್ನು ಅದರ ಮೇಲೆ ಹಿಡಿದು ಹಿಂಡಿ. ಬೆಳಕಿಗೆ ಹಿಡಿದು ನೋಡಿದರೆ ಸಿಪ್ಪೆಯಿಂದ ಎಣ್ಣೆ ಮಂಜಿನಂತೆ ಹಾರಿ ಟೀ ಮೇಲೆ ಕೂರುವುದು ಕಾಣುತ್ತದೆ. ಫ್ರಿಜ್‌ನಿಂದ 20 ನಿಮಿಷ ಮೊದಲೇ ಹೊರಗೆ ತೆಗೆದಿಡಿ, ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ.

ಹೊಗೆ ಯಾಕೆ ಅಂದರೆ, ಈ ಬದಿಯ ಮೊದಲ ಭಾಗ ನಿಧಾನಕ್ಕೆ ಹರಡುವಂಥದ್ದು. ಡೇವಿಡ್ ಗಿಲ್ಮೋರ್ ಅವರ ಗಿಟಾರ್, ರಿಚರ್ಡ್ ರೈಟ್ ಅವರ ಕೀಬೋರ್ಡ್ ಎರಡೂ ಕೋಣೆ ತುಂಬಾ ತೇಲುತ್ತವೆ. ಹೊಗೆಯ ಘಮಕ್ಕೂ ಅದೇ ಗುಣ, ನುಂಗಿದ ಮೇಲೂ ಮೂಗಿನಲ್ಲಿ ನಿಲ್ಲುತ್ತದೆ. ಆಮೇಲೆ ‘ಆನ್ ದ ರನ್’ ಬಂದಾಗ ಸಿಂಥಸೈಜರ್ ಓಟ ಶುರು. ಆ ಮೂರೂವರೆ ನಿಮಿಷ ಸುಮ್ನೆ ಗ್ಲಾಸ್ ಹಿಡಿದುಕೊಂಡಿರಿ. ಅದು ಸ್ಫೋಟದ ಸದ್ದಿನಲ್ಲಿ ಮುಗಿದ ಮೇಲೆ ‘ಟೈಮ್’ ಹಾಡಿನ ಗಡಿಯಾರಗಳು ಒಟ್ಟಿಗೆ ಬಡಿಯುತ್ತವೆ. ಆಗ ಕೈ ಗ್ಲಾಸ್ ಮೇಲೆ ಗಟ್ಟಿಯಾಗಿರಲಿ, ಮೊದಲ ಸಲ ಕೇಳುವವರು ಬೆಚ್ಚಿಬೀಳುವುದು ಗ್ಯಾರಂಟಿ. ಸೌಂಡ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರದ ಅಂಗಡಿಗೆ ಹೋಗಿ ಒಂದೊಂದನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ತಂದಿದ್ದರು. ಗಡಿಯಾರ ನಿಂತಮೇಲೆ ಬರುವ ಡ್ರಮ್‌ನ ಆ ಬಿಡಿ ಬಿಡಿ ಪೆಟ್ಟುಗಳಿವೆಯಲ್ಲ, ಅವುಗಳ ನಡುವೆ ಸಿಗುವ ಖಾಲಿ ಜಾಗ ಗುಟುಕಿಗೆ ಹೇಳಿಮಾಡಿಸಿದ ಹಾಗಿದೆ.

ಮೊದಲ ಬದಿಯ ಕೊನೆಯ ಹಾಡಿಗೆ, ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ಗೆ ಏನನ್ನೂ ಜೋಡಿಸಬೇಡಿ. ಗ್ಲಾಸ್ ಕೆಳಗಿಡಿ. ಇದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಕ್ಲೇರ್ ಟೋರಿ ಎಂಬ ಗಾಯಕಿ 1973ರ ಜನವರಿಯಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋಗೆ ಬಂದು ಒಂದೂ ಶಬ್ದವಿಲ್ಲದೆ, ಬರೀ ದನಿಯಲ್ಲಿ ಹಾಡಿದ್ದು ಅದು. ಅವತ್ತು ಅವರಿಗೆ ಸಿಕ್ಕಿದ್ದು 30 ಪೌಂಡ್. ಆ ಹಾಡನ್ನು ತಾವೂ ಸೇರಿ ಕಟ್ಟಿದ್ದು ಅಂತ 2004ರಲ್ಲಿ ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಯಿತು, ಈಗ ರೈಟ್ ಜೊತೆ ಅವರ ಹೆಸರೂ ಇದೆ. ಆ ದನಿ ಕೂಗಿನಿಂದ ಪಿಸುಮಾತಿಗೆ ಇಳಿಯುತ್ತದೆ. ನೀವು ಏನನ್ನಾದರೂ ನುಂಗಿದಾಗ ಆ ಸದ್ದು ನಿಮ್ಮ ತಲೆಯೊಳಗೇ ಕೇಳುತ್ತದೆ, ಕಿವಿಯ ಒಳಗಿನ ನಾಳ ಒಂದು ಕ್ಷಣ ತೆರೆದು ಮುಚ್ಚುತ್ತದೆ. ಈಗ ಬೇಕಾದರೆ ಎಂಜಲು ನುಂಗಿ ನೋಡಿ, ಗೊತ್ತಾಗುತ್ತದೆ. ಪಿಸುಮಾತಿನ ಹೊತ್ತಲ್ಲಿ ಅಷ್ಟು ಸದ್ದೂ ಜಾಸ್ತಿಯೇ.

ಬದಿ ತಿರುಗಿಸುವಾಗ ಎಲ್ಲರಿಗೂ ಒಂದು ಲೋಟ ಸಾದಾ ನೀರು ಕೊಡಿ, ತಣ್ಣಗಿರುವುದು ಬೇಡ. ಟೀಯ ಒಗರು ಗುಟುಕು ಗುಟುಕಿಗೂ ಬಾಯಲ್ಲಿ ಕೂಡುತ್ತಾ ಹೋಗುತ್ತದೆ, ಅದನ್ನು ತೊಳೆಯದೆ ಮುಂದೆ ಹೋದರೆ ಎರಡನೇ ಗ್ಲಾಸಿನ ರುಚಿ ಕೆಡುತ್ತದೆ. ರೆಕಾರ್ಡ್ ತಿರುಗಿಸುವವರು ಕೈ ಒರೆಸಿಕೊಳ್ಳಲಿ. ಗ್ಲಾಸ್‌ಗಳನ್ನು ಟರ್ನ್‌ಟೇಬಲ್ ಇರುವ ಮೇಜಿನ ಮೇಲೆ ಇಡಲೇಬೇಡಿ. ಚೆಲ್ಲುತ್ತೆ ಅನ್ನುವುದು ಒಂದು, ಗ್ಲಾಸ್ ಇಡುವ ತೆಗೆಯುವ ಪೆಟ್ಟು ಸೂಜಿಗೆ ತಾಗುತ್ತೆ ಅನ್ನುವುದು ಇನ್ನೊಂದು.

ಎರಡನೇ ಬದಿ ‘ಮನಿ’ಯಿಂದ ಶುರು, ಈಗ ಐಸ್ ಹಾಕಿ, ಧಾರಾಳವಾಗಿ ಹಾಕಿ. ಈ ಹಾಡಿನ ಮೊದಲಿಗೆ ಬರುವ ನಾಣ್ಯದ ಸದ್ದಿಗೆ ತಂಡದ ಬಾಸ್ ಗಿಟಾರ್ ವಾದಕ ರೋಜರ್ ವಾಟರ್ಸ್ ತಮ್ಮ ಹೆಂಡತಿ ಮಡಕೆ ಮಾಡುವ ಮಣ್ಣು ಕಲಸುತ್ತಿದ್ದ ಬೋಗುಣಿಗೆ ಚಿಲ್ಲರೆ ಎಸೆದು ರೆಕಾರ್ಡ್ ಮಾಡಿದ್ದರು. ಆಮೇಲೆ ಟೇಪನ್ನು ಅಳತೆ ಮಾಡಿ ಕತ್ತರಿಸಿ, ಅಂಟಿಸಿ, ಸುತ್ತು ಸುತ್ತಾಗಿ ಓಡುವಂತೆ ಮಾಡಿದರು. ಗ್ಲಾಸಿನೊಳಗೆ ಐಸ್ ಟಣ್ ಅನ್ನುವುದೂ ಅದೇ ಜಾತಿಯ ಸದ್ದು. ಮೊದಲ ಬದಿಯಲ್ಲಿ ಅಡ್ಡ ಬರುತ್ತಿದ್ದ ಐಸ್ ಇಲ್ಲಿ ಹಾಡಿನ ಜೊತೆ ಸೇರಿಕೊಳ್ಳುತ್ತದೆ.

ಇದಕ್ಕೆ ಶುಂಠಿ, ನಿಂಬೆ, ಟಾನಿಕ್ ವಾಟರ್ ಅನ್ನುವ ಕಹಿ ಸೋಡಾ. 100 ಗ್ರಾಂ ಸಕ್ಕರೆಗೆ 100 ಎಂಎಲ್ ನೀರು ಹಾಕಿ ಕರಗಿಸಿ, ಬಿಸಿ ಇರುವಾಗಲೇ 100 ಗ್ರಾಂ ತುರಿದ ಶುಂಠಿಗೆ ಸುರಿದು, ಅರ್ಧ ಗಂಟೆ ಮುಚ್ಚಿಟ್ಟು, ಬಟ್ಟೆಯಲ್ಲಿ ಹಿಂಡಿ. ಶುಂಠಿಯನ್ನು ಹೊತ್ತುಗಟ್ಟಲೆ ಕುದಿಸಬೇಡಿ, ಖಾರ ಇಳಿದುಬಿಡುತ್ತೆ, ನಮಗೆ ಬೇಕಿರುವುದೇ ಖಾರ. ಒಂದು ಗ್ಲಾಸಿಗೆ ಈ ಪಾಕ 15 ಎಂಎಲ್, ನಿಂಬೆರಸ 20, ಟಾನಿಕ್ ವಾಟರ್ 80, ಸಾದಾ ಸೋಡಾ 50. ಟಾನಿಕ್‌ನಲ್ಲಿ ಕಹಿ ಬರುವುದು ಕ್ವಿನೈನ್‌ನಿಂದ. ‘ಮನಿ’ಯನ್ನು ಹೊತ್ತು ನಿಲ್ಲುವುದು ವಾಟರ್ಸ್ ಅವರ ಬಾಸ್ ಗಿಟಾರ್, ತಗ್ಗಿನ ಸ್ವರದ ಜೊತೆ ಕಹಿ ಎದ್ದು ಬರುತ್ತೆ ಅಂತ ಮೇಲೆ ಹೇಳಿದೆನಲ್ಲ, ಅದನ್ನು ಇಲ್ಲಿ ನೀವೇ ಪರೀಕ್ಷೆ ಮಾಡಬಹುದು. ಏಳು ಏಳು ಎಣಿಕೆಯಲ್ಲಿ ಓಡುವ ಹಾಡು ಗಿಟಾರ್ ಸೋಲೋ ಬಂದಾಗ ನಾಲ್ಕರ ಎಣಿಕೆಗೆ ಬದಲಾಗುತ್ತದೆ, ಬೆರಳಲ್ಲಿ ಎಣಿಸುತ್ತಾ ಕುಡಿದು ನೋಡಿ, ಮಜಾ ಇದೆ. (ಕ್ವಿನೈನ್ ಇರುವ ದ್ರವ ಅಲ್ಟ್ರಾವಯಲೆಟ್ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಆ ದೀಪ ಇದ್ದರೆ ತನ್ನಿ.)

ಈಗ ಸಿಹಿಯ ವಿಷಯ. ‘ಮನಿ’ ಜೋರಾಗಿ ನಡೆಯುವಾಗ ಯಾರಾದರೂ ‘ಸಿಹಿ ಕಡಿಮೆ ಆಯ್ತು’ ಅಂದೇ ಅನ್ನುತ್ತಾರೆ. ಕೇಳಬೇಡಿ, ಪಾಕ ಸೇರಿಸಬೇಡಿ. ಮುಂದಿನ ಹಾಡು ‘ಅಸ್ ಆ್ಯಂಡ್ ದೆಮ್’ ಆರ್ಗನ್‌ನಿಂದ ಮೆಲ್ಲಗೆ ಶುರುವಾಗುತ್ತದೆ, ಕೋಣೆಯ ಸದ್ದು ಒಮ್ಮೆಲೇ ಇಳಿಯುತ್ತದೆ, ಆಗ ಅದೇ ಗ್ಲಾಸ್ ಸಿಹಿ ಅನಿಸತೊಡಗುತ್ತದೆ. ಅದೇ ಗ್ಲಾಸನ್ನು ಈ ಹಾಡಿಗೂ ಮುಂದುವರಿಸಿ ಅನ್ನುವುದಕ್ಕೆ ನನ್ನ ಕಾರಣವೂ ಅದೇ. ಅಷ್ಟು ಹೊತ್ತಿಗೆ ಗುಳ್ಳೆ ಇಳಿದಿರುತ್ತದೆ, ಐಸ್ ಕರಗಿ ಖಾರ, ಕಹಿ ಎರಡೂ ತೆಳುವಾಗಿರುತ್ತವೆ. ನೀವು ಏನೂ ಮಾಡದೆ ಪಾನೀಯ ತಾನೇ ಹಾಡಿನ ಜೊತೆ ತಗ್ಗುತ್ತದೆ. ಈ ಹಾಡು ಸುಮಾರು ಏಳೂಮುಕ್ಕಾಲು ನಿಮಿಷ. ಹಾಡುವ ದನಿಯ ಒಂದೊಂದು ಮಾತೂ ಪ್ರತಿಧ್ವನಿಯಾಗಿ ದೂರ ಹೋಗಿ ಅಳಿಯುತ್ತದೆ, ಆಮೇಲೆ ಡಿಕ್ ಪ್ಯಾರಿ ಅವರ ಸ್ಯಾಕ್ಸೊಫೋನ್. ಆ ಪ್ರತಿಧ್ವನಿ ಮುಗಿಯುವವರೆಗೂ ಗುಟುಕನ್ನು ಬಾಯಲ್ಲೇ ಹಿಡಿದಿಡಿ. ಇಡೀ ಸಂಜೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು, ಇದೊಂದಕ್ಕಾಗಿಯೇ ನಾನು ಈ ಜೋಡಿಯನ್ನು ಬದಲಾಯಿಸಿಲ್ಲ.

ಒಂದು ಎಚ್ಚರಿಕೆ. ಟಾನಿಕ್, ನಿಂಬೆ, ಐಸ್ ಅಂದರೆ ಜಿನ್ ಕುಡಿಯುತ್ತಿದ್ದವರಿಗೆ ಅದರದೇ ನೆನಪು. ನಿಮ್ಮ ಇಬ್ಬರು ಗೆಳೆಯರನ್ನು ಮೊದಲೇ, ಬೇರೆಯವರ ಎದುರಲ್ಲ, ಕೇಳಿ. ಅವರಿಗೆ ಬೇಡ ಅನಿಸಿದರೆ ಎಲ್ಲರಿಗೂ ಟಾನಿಕ್ ಬಿಟ್ಟು ಬರೀ ಸೋಡಾ ಹಾಕಿ, ಕಹಿಗೆ ಗ್ರೇಪ್‌ಫ್ರೂಟ್ ರಸ 40 ಎಂಎಲ್ ಸೇರಿಸಿ. ಅವರಿಗೆ ಮಾತ್ರ ಬೇರೆ ಗ್ಲಾಸ್ ಕೊಡುವುದು ಚೆನ್ನಾಗಿರುವುದಿಲ್ಲ. ಹಾಗೇ ಆಲ್ಕೋಹಾಲ್ ಇಲ್ಲದ ಬಿಯರ್, ವೈನ್ ತರಲು ಹೋಗಬೇಡಿ. ಎಷ್ಟೋ ದೇಶಗಳಲ್ಲಿ 0.5 ಶೇಕಡಾವರೆಗೆ ಆಲ್ಕೋಹಾಲ್ ಇದ್ದರೂ ಆ ಹೆಸರಲ್ಲಿ ಮಾರಬಹುದು. ಟೀ ಹುದುಗಿಸಿ ಮಾಡುವ ಕೊಂಬುಚಾದಲ್ಲೂ ಹುದುಗುವಾಗ ಸ್ವಲ್ಪ ಆಲ್ಕೋಹಾಲ್ ಹುಟ್ಟುತ್ತದೆ. ಬಿಟ್ಟವರಿಗೆ ಪ್ರಮಾಣಕ್ಕಿಂತ ಆ ರುಚಿ, ಆ ವಾಸನೆಯೇ ಕಷ್ಟ ಕೊಡಬಹುದು.

ಮೂರನೆಯದು ಚಿಕ್ಕ ಗ್ಲಾಸ್, 120 ಎಂಎಲ್. ಪಾನೀಯದ ಬಣ್ಣ ನೋಡಿ ಜೋಡಿಸುವುದು ನನಗೆ ಸಾಮಾನ್ಯವಾಗಿ ಇಷ್ಟವಿಲ್ಲ, ಆಲ್ಬಂನ ಕವರ್ ಕಪ್ಪು ಅಂತ ಕಾಫಿ ಕೊಡುವುದು ಯೋಚನೆಯೇ ಅಲ್ಲ. ಆದರೆ ಇಲ್ಲಿ ಮಾತ್ರ ಬಣ್ಣಕ್ಕೆ ಒಂದು ಕೆಲಸ ಇದೆ. ‘ಎನಿ ಕಲರ್ ಯು ಲೈಕ್’ ಹಾಡಿಗೆ ಮಾತಿಲ್ಲ, ಮೂರೂವರೆ ನಿಮಿಷ ವಾದ್ಯ ಮಾತ್ರ. ಆ ಹೊತ್ತಿಗೆ ಶಂಖಪುಷ್ಪದ ಟೀ. 750 ಎಂಎಲ್ ಬಿಸಿನೀರಿಗೆ ಒಣಗಿದ ಹೂವು 35-40, ಮಜ್ಜಿಗೆ ಹುಲ್ಲಿನ ಎರಡು ಕಡ್ಡಿ, ಎರಡು ಚಮಚ ಸಕ್ಕರೆ. ಐದು ನಿಮಿಷ ಬಿಟ್ಟು ಸೋಸಿ ತಣ್ಣಗೆ ಮಾಡಿ. ಹೂವಿಗೆ ತನ್ನದೇ ರುಚಿ ಬಹಳ ಕಡಿಮೆ, ಘಮ ಕೊಡುವುದು ಹುಲ್ಲು. ಪ್ರತಿಯೊಬ್ಬರ ಮುಂದೆ ಚಿಕ್ಕ ಬಟ್ಟಲಲ್ಲಿ 15 ಎಂಎಲ್ ನಿಂಬೆರಸ ಇಡಿ. ಹಾಡು ಶುರುವಾದಾಗ ಅವರವರೇ ಗ್ಲಾಸಿನ ಅಂಚಿನಿಂದ ಮೆಲ್ಲಗೆ ಸುರಿಯಲಿ. ಗಾಢ ನೀಲಿಯೊಳಗೆ ನೇರಳೆ ಎಳೆಯೊಂದು ಇಳಿಯುತ್ತದೆ, ತಳಕ್ಕೆ ಹೋಗಿ ಹರಡುತ್ತದೆ, ಅಲ್ಲಿಂದ ಗುಲಾಬಿ ಬಣ್ಣ ಮೇಲೇರುತ್ತದೆ. ಹೂವಿನಲ್ಲಿರುವ ಆಂಥೊಸಯನಿನ್ ಅನ್ನುವ ಬಣ್ಣ ಹುಳಿ ತಾಗಿದಾಗ ಹೀಗೆ ಬದಲಾಗುತ್ತದೆ. ಕಲಕಬೇಡಿ. ಇದಕ್ಕೆ ಟಾನಿಕ್ ಕೂಡ ಹಾಕಬೇಡಿ, ಅದರಲ್ಲಿ ಸಿಟ್ರಿಕ್ ಆಸಿಡ್ ಇರುವುದರಿಂದ ನಿಂಬೆಗೆ ಮೊದಲೇ ನೀಲಿ ಹೋಗಿಬಿಡುತ್ತದೆ. ಗ್ಲಾಸ್ ಹಿಂದೆ ಒಂದು ಸಣ್ಣ ದೀಪ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಆಗ ಕವರ್ ಕೂಡ ಕೈಗೆ ತೆಗೆದುಕೊಂಡು ನೋಡಿ, ಅದರ ಮೇಲಿನ ಚಿತ್ರದಲ್ಲಿ ಪ್ರಿಸಂನಿಂದ ಹೊರಬರುವ ಬಣ್ಣದ ಪಟ್ಟಿಗಳು ಆರೇ ಇವೆ, ಇಂಡಿಗೋ ಇಲ್ಲ.

ಈ ಗ್ಲಾಸ್ ‘ಬ್ರೇನ್ ಡ್ಯಾಮೇಜ್’ ಮುಗಿಯುವುದರೊಳಗೆ ಖಾಲಿಯಾಗಲಿ. ‘ಎಕ್ಲಿಪ್ಸ್’ ಎರಡೇ ನಿಮಿಷ, ಅದರ ಕೊನೆಗೆ ಎದೆಬಡಿತ ಮತ್ತೆ ಬಂದು ಮೆಲ್ಲಗೆ ಅಳಿಯುತ್ತದೆ. ಶುರುವಿನಲ್ಲಿ ಹೇಗೋ ಹಾಗೆ, ಇಲ್ಲೂ ಕೋಣೆಯಲ್ಲಿ ಬೇರೆ ಸದ್ದು ಇರಬಾರದು. ಸೂಜಿ ಒಳಗಿನ ಗೆರೆಗೆ ಹೋಗುವವರೆಗೂ ಯಾರೂ ಗ್ಲಾಸ್ ಎತ್ತಿಡಬೇಡಿ.

ನಿದ್ದೆ ಬಾರದ ಗೆಳತಿಗೆ ಮೊದಲ ಗ್ಲಾಸ್ ಮಾತ್ರ ಬದಲಿಸಿದರೆ ಸಾಕು, ಉಳಿದ ಎರಡರಲ್ಲಿ ಕೆಫೀನ್ ಇಲ್ಲ. ಹುರಿದ ಬಾರ್ಲಿಯನ್ನು ನೀರಲ್ಲಿ ಹತ್ತು ನಿಮಿಷ ಕುದಿಸಿ ತಣ್ಣಗೆ ಮಾಡಿ, ಅದೇ ಕಿತ್ತಳೆ ಸಿಪ್ಪೆ ಹಿಂಡಿ ಕೊಡಿ. ಹೊಗೆ ಇಲ್ಲದಿದ್ದರೂ ಸುಟ್ಟ ಘಮ ಇರುತ್ತದೆ, ನೋಡಲೂ ಟೀ ಥರವೇ ಇರುತ್ತದೆ.

ಶುಕ್ರವಾರ ರಾತ್ರಿ ಮಲಗುವ ಮುಂಚೆ ಟೀ ಎಲೆ ನೀರಿಗೆ ಹಾಕಿ. ಶನಿವಾರ ಬೆಳಗ್ಗೆ ಸೋಸಿ, ಶುಂಠಿ ಪಾಕ ಮತ್ತು ಶಂಖಪುಷ್ಪದ ಟೀ ಮಾಡಿಟ್ಟುಬಿಡಿ. ಮಧ್ಯಾಹ್ನ ‘ಮನಿ’ಯನ್ನು ಸಂಜೆ ಇಡುವಷ್ಟೇ ವಾಲ್ಯೂಮ್‌ನಲ್ಲಿ ಹಾಕಿ, ಸ್ಪೀಕರ್ ಮುಂದೆ ಕೂತು ಎರಡನೇ ಗ್ಲಾಸಿನ ರುಚಿ ಒಮ್ಮೆ ನೋಡಿ. ಆಮೇಲೆ ಸದ್ದು ನಿಲ್ಲಿಸಿ ಮತ್ತೊಂದು ಗುಟುಕು. ಎರಡನೇ ಗುಟುಕು ತೀರಾ ಸಿಹಿ ಅನಿಸಿದರೆ ಪಾಕವನ್ನು 10 ಎಂಎಲ್‌ಗೆ ಇಳಿಸಿ.